ದುಡ್ಡಿಗೆ ಮಿತಿಯೇ ಇಲ್ಲ ಅಂದರೆ ಯಾವ ಸಂಶೋಧನೆಗೆ ಕೊಡುತ್ತೀರಿ?

ಪ್ರಶ್ನೆ: ನಾನು ಬ್ಯಾಂಕಿನಿಂದ ನಿವೃತ್ತಳಾಗಿ ನಾಲ್ಕು ವರ್ಷವಾಯಿತು. ವಾಸ ವಿದ್ಯಾರಣ್ಯಪುರದಲ್ಲಿ. ನಮ್ಮ ತಂದೆ ಎಚ್‌ಎಂಟಿ ಟೂಲ್‌ರೂಮಿನಲ್ಲಿದ್ದವರು. ಅವರು ಹೋದ ಮೇಲೆ ದೇವನಹಳ್ಳಿ ಹತ್ತಿರದ ಪಿತ್ರಾರ್ಜಿತ ಜಮೀನು ಮಾರಿದೆವು. ಬಂದ ಹಣದಲ್ಲಿ 2 ಕೋಟಿಯನ್ನು ತಂದೆಯ ಹೆಸರಿನಲ್ಲಿ ವಿಜ್ಞಾನ ಸಂಶೋಧನೆಗೆ ಕೊಡೋಣವೆಂದು ನಾವು ಮೂವರು ಮಕ್ಕಳು ಎತ್ತಿಟ್ಟಿದ್ದೇವೆ. ಎತ್ತಿಡುವಾಗ ಇದ್ದ ಒಗ್ಗಟ್ಟು ಈಗಿಲ್ಲ. ಅಕ್ಕ-ಭಾವ "ಅಮ್ಮ ಹೋದದ್ದು ಕ್ಯಾನ್ಸರಿನಲ್ಲಿ, ಅದಕ್ಕೇ ಕೊಡೋಣ" ಅನ್ನುತ್ತಾರೆ. ತಮ್ಮ ಸಾಫ್ಟ್‌ವೇರಿನವನು, ಸೂರ್ಯನಲ್ಲಿ ಆಗುವಂತೆ ಪರಮಾಣುಗಳನ್ನು ಬೆಸೆದು ಶಕ್ತಿ ತೆಗೆಯುವ ಫ್ಯೂಷನ್ನಿಗೆ ಕೊಟ್ಟರೆ ಪ್ರಪಂಚವೇ ಬದಲಾಗುತ್ತದೆ ಅನ್ನುತ್ತಾನೆ. ನಡುವೆ ಪರಿಚಯದವರ ಮೂಲಕ ಒಬ್ಬರು ಮನೆಗೇ ಬಂದು, ನೀರಿನಿಂದ ಓಡುವ ಎಂಜಿನ್ನಿನ ಮಾದರಿ ತೋರಿಸಿ 40 ಲಕ್ಷ ಕೇಳಿದ್ದಾರೆ. ಒಂದು ಸಂಸ್ಥೆಯವರು ಹೊಸ ಸಭಾಂಗಣಕ್ಕೆ ತಂದೆಯ ಹೆಸರಿಡುತ್ತೇವೆ ಅಂದರು. ನಮ್ಮ ದುಡ್ಡು ಗ್ರಾನೈಟ್ ನೆಲಕ್ಕೋ ಯಾರದೋ ಕಾರಿಗೋ ಹೋಗಬಾರದು ಅನ್ನುವುದಷ್ಟೇ ನನ್ನ ಆಸೆ. ಅದಕ್ಕೇ ಉಲ್ಟಾ ಪ್ರಶ್ನೆ ಕೇಳುತ್ತೇನೆ: ದುಡ್ಡಿಗೆ ಮಿತಿಯೇ ಇಲ್ಲ ಅಂದರೆ ನೀವು ಯಾವುದಕ್ಕೆ ಕೊಡುತ್ತಿದ್ದಿರಿ? ಅದರಲ್ಲಿ ನಮ್ಮ ಕೈಗೆಟುಕುವುದನ್ನು ನಾವು ಆರಿಸಿಕೊಳ್ಳುತ್ತೇವೆ.

ಉತ್ತರ: ಮೇಡಂ, ಮೊದಲು ಆ ಎಂಜಿನ್ ವಿಷಯ ಮುಗಿಸಿಬಿಡೋಣ. ನೀರು ಅಂದರೆ ಜಲಜನಕ ಸುಟ್ಟ ಮೇಲೆ ಉಳಿಯುವ ಬೂದಿ. ಒಲೆಯ ಬೂದಿಯನ್ನು ಮತ್ತೆ ಒಲೆಗೆ ಹಾಕಿ ಅನ್ನ ಬೇಯಿಸಲಾಗದು. ನೀರನ್ನು ಒಡೆದು ಜಲಜನಕ ತೆಗೆಯಬಹುದು ನಿಜ. ಆದರೆ ಒಡೆಯಲು ಸುರಿಯುವ ವಿದ್ಯುತ್ತು, ಆಮೇಲೆ ಸುಟ್ಟಾಗ ಸಿಗುವುದಕ್ಕಿಂತ ಯಾವತ್ತೂ ಜಾಸ್ತಿ. ಮಾದರಿ ಓಡುತ್ತಿದೆ ಅಂದರೆ ಎಲ್ಲೋ ಒಂದು ಬ್ಯಾಟರಿ ಅಡಗಿದೆ. ನಿಮ್ಮ ತಂದೆ ಇದ್ದಿದ್ದರೆ ಒಂದು ಸ್ಕ್ರೂಡ್ರೈವರ್ ತಂದು ಐದು ನಿಮಿಷದಲ್ಲಿ ಅದನ್ನು ಹುಡುಕಿ ಮೇಜಿನ ಮೇಲಿಡುತ್ತಿದ್ದರು. 40 ಲಕ್ಷ ಉಳಿಯಿತು.

ಉಳಿದದ್ದು ಇಷ್ಟು ಸಲೀಸಲ್ಲ. ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಸಿಕ್ಕುಹಾಕಿಕೊಂಡಿವೆ. ಯಾವ ವಿಜ್ಞಾನ ದೊಡ್ಡದು ಎನ್ನುವುದು ಒಂದು, ಕೊಟ್ಟ ದುಡ್ಡು ವಿಜ್ಞಾನದವರೆಗೆ ತಲುಪುತ್ತದೆಯೇ ಎನ್ನುವುದು ಇನ್ನೊಂದು. ಮನೆಯಲ್ಲಿ ಜಗಳ ನಡೆಯುತ್ತಿರುವುದು ಮೊದಲನೆಯದರ ಬಗ್ಗೆ, ನಿಮಗೆ ನಿದ್ದೆ ಕೆಡಿಸುತ್ತಿರುವುದು ಎರಡನೆಯದು. ಮೂವತ್ತು ವರ್ಷ ಈ ಊರಿನ ಪ್ರಯೋಗಾಲಯಗಳಲ್ಲಿ ದುಡಿದು, ಆಮೇಲೆ ಬೇರೆಯವರ ಪ್ರಪೋಸಲ್ ಓದುವ ಸಮಿತಿಗಳಲ್ಲಿ ಕೂತು ಚಹಾ-ಬಿಸ್ಕತ್ತು ತಿಂದವನಾಗಿ ಹೇಳುತ್ತೇನೆ, ನಿಮ್ಮ ಚಿಂತೆಯೇ ಸರಿಯಾದ ಚಿಂತೆ.

ನಿಮ್ಮ ತಮ್ಮನವರ ಫ್ಯೂಷನ್ನಿನಿಂದ ಶುರುಮಾಡುತ್ತೇನೆ. 2022ರ ಡಿಸೆಂಬರಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲೇಸರ್ ಹಾಯಿಸಿ, ಇಂಧನದ ಗುಳಿಗೆಗೆ 2.05 ಮೆಗಾಜೂಲ್ ಶಕ್ತಿ ಕೊಟ್ಟು 3.15 ಮೆಗಾಜೂಲ್ ಹೊರತೆಗೆದರು. ಪತ್ರಿಕೆಗಳಲ್ಲಿ ಅಷ್ಟೇ ಬಂತು. ಆ ಲೇಸರನ್ನು ಚಾಲೂ ಮಾಡಲು ಗೋಡೆಯ ಪ್ಲಗ್ಗಿನಿಂದ ಎಳೆದದ್ದು ಸುಮಾರು 300 ಮೆಗಾಜೂಲ್ ಎಂಬುದು ಒಳಪುಟದಲ್ಲಿ ಉಳಿಯಿತು. ಫ್ರಾನ್ಸಿನಲ್ಲಿ ಕಟ್ಟುತ್ತಿರುವ ಐಟರ್ ರಿಯಾಕ್ಟರಿನಲ್ಲಿ ಭಾರತವೂ ಪಾಲುದಾರ, ಅದರ ದೈತ್ಯ ಕ್ರಯೋಸ್ಟಾಟನ್ನು, ಅಂದರೆ ಒಳಗಿನ ಆಯಸ್ಕಾಂತಗಳನ್ನು ಅತಿ ತಣ್ಣಗಿಡಲು ಬೇಕಾದ ಹೊರಕವಚವನ್ನು, ನಾವೇ ಮಾಡಿ ಕಳಿಸಿದ್ದೇವೆ. ಒಳ್ಳೆಯ ವಿಜ್ಞಾನ, ಆಗಬೇಕಾದ ಕೆಲಸ. ಆದರೆ ಸರ್ಕಾರಗಳು, ದೊಡ್ಡ ಕಂಪನಿಗಳು ಸಾಲುಗಟ್ಟಿ ನಿಂತಿರುವ ಕಡೆ ನಿಮ್ಮ 2 ಕೋಟಿ ಸಮುದ್ರಕ್ಕೆ ಒಂದು ಚೆಂಬು ನೀರು. ಎಐಗೂ ಇದೇ ಮಾತು.

ಕ್ಯಾನ್ಸರ್ ವಿಷಯ ಸೂಕ್ಷ್ಮ, ಅಮ್ಮನ ನೆನಪಿದೆ. 1971ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಕಾನೂನಿಗೆ ಸಹಿ ಹಾಕಿ ಕ್ಯಾನ್ಸರಿನ ಮೇಲೆ ಯುದ್ಧ ಸಾರಿದರು. ಚಂದ್ರನ ಮೇಲೆ ಕಾಲಿಟ್ಟವರಿಗೆ ಇದೆಂಥ ಮಹಾ ಎಂಬ ಉಮೇದು. ಅಷ್ಟು ದುಡ್ಡು ಸುರಿದ ಮೇಲೆ ತಿಳಿದದ್ದು, ಕ್ಯಾನ್ಸರ್ ಎಂಬುದು ಒಂದು ಕಾಯಿಲೆಯೇ ಅಲ್ಲ, ಒಂದೇ ಹೆಸರಿಟ್ಟುಕೊಂಡ ನೂರಾರು ಕಾಯಿಲೆಗಳು ಎಂದು. ಅಲ್ಲಿ 1991ರಿಂದೀಚೆಗೆ ಸಾವಿನ ದರ ಮೂರನೇ ಒಂದರಷ್ಟು ಇಳಿದಿದೆ. ಅದಕ್ಕೆ ಹೊಸ ಔಷಧಗಳಷ್ಟೇ ಕಾರಣವಲ್ಲ, ಜನ ಸಿಗರೇಟು ಬಿಟ್ಟದ್ದರ ಪಾಲು ದೊಡ್ಡದು. ನಮ್ಮ ದೇಶದಲ್ಲಿ ನನಗೆ ಬಹಳ ಮೆಚ್ಚುಗೆಯಾದ ಕ್ಯಾನ್ಸರ್ ಸಂಶೋಧನೆ ವಿನಿಗರಿನದು. ಮುಂಬಯಿಯ ಟಾಟಾ ಮೆಮೋರಿಯಲ್‌ನವರು ಕೊಳೆಗೇರಿಗಳ ಸುಮಾರು 1.5 ಲಕ್ಷ ಹೆಂಗಸರನ್ನು ಸೇರಿಸಿಕೊಂಡು ಮಾಡಿದ್ದು. ಹತ್ತನೇ ತರಗತಿ ಓದಿದ ಆರೋಗ್ಯ ಕಾರ್ಯಕರ್ತೆಯರಿಗೆ ಒಂದು ತಿಂಗಳು ತರಬೇತಿ. ಗರ್ಭಕೊರಳಿಗೆ ಹತ್ತಿಯಲ್ಲಿ ವಿನಿಗರ್ ಹಚ್ಚಿ, ಒಂದು ನಿಮಿಷ ಬಿಟ್ಟು, ಬಿಳಿಚಿಕೊಂಡಿತೇ ಎಂದು ಟಾರ್ಚ್ ಹಾಕಿ ನೋಡುವುದು. ಅಷ್ಟೇ ಪರೀಕ್ಷೆ. 1998ರಲ್ಲಿ ಶುರುವಾದದ್ದು, ಫಲಿತಾಂಶ ಹೊರಬಂದದ್ದು 2013ರಲ್ಲಿ: ಗರ್ಭಕೊರಳ ಕ್ಯಾನ್ಸರಿನ ಸಾವುಗಳು ಶೇಕಡ 31ರಷ್ಟು ಕಡಿಮೆಯಾಗಿದ್ದವು. ಅದರಲ್ಲಿ ದುಬಾರಿಯಾಗಿದ್ದದ್ದು ವಿನಿಗರ್ ಅಲ್ಲ, ಹದಿನೈದು ವರ್ಷ.

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಭ್ರಮೆಯೂ ಇದೆ, ನಮ್ಮವರಿಗೆ ಬಲು ಪ್ರಿಯವಾದದ್ದು: ನಿಜವಾದ ವಿಜ್ಞಾನಿಗೆ ದುಡ್ಡೇ ಬೇಡ, ರಾಮನ್ ಇನ್ನೂರು ರೂಪಾಯಿ ಉಪಕರಣದಲ್ಲಿ ನೊಬೆಲ್ ತಂದರು ಎನ್ನುವುದು. ಬಜೆಟ್ ಕತ್ತರಿಸುವಾಗಲೆಲ್ಲ ಈ ಇನ್ನೂರು ರೂಪಾಯಿ ಹೊರಬರುತ್ತದೆ. ಕಲ್ಕತ್ತೆಯಲ್ಲಿ ರಾಮನ್ ಕೆಲಸ ಮಾಡಿದ ಆ ಸಂಸ್ಥೆಯನ್ನು ಮಹೇಂದ್ರಲಾಲ್ ಸರ್ಕಾರ್ ಎಂಬ ವೈದ್ಯರು 1876ರಲ್ಲಿ ಊರವರಿಂದ ಚಂದಾ ಎತ್ತಿ ಕಟ್ಟಿದ್ದರು. ಸರ್ಕಾರ್ ತೀರಿಕೊಂಡದ್ದು 1904ರಲ್ಲಿ, ರಾಮನ್ ಆ ಬಾಗಿಲು ತಟ್ಟಿದ್ದು 1907ರಲ್ಲಿ, ರಾಮನ್ ಪರಿಣಾಮ ಕಂಡದ್ದು 1928ರಲ್ಲಿ. ಒಳಗೆ ಅಶುತೋಷ್ ಡೇ ಎಂಬ, ವಿಶ್ವವಿದ್ಯಾಲಯದ ಪದವಿಯಿಲ್ಲದ ಆದರೆ ಉಪಕರಣ ಬಲ್ಲ ಸಹಾಯಕರಿದ್ದರು. ಐವತ್ತು ವರ್ಷ ಬಾಗಿಲು ತೆರೆದಿಟ್ಟ ಖರ್ಚನ್ನು ಆ ಇನ್ನೂರಕ್ಕೆ ಸೇರಿಸಬೇಕಲ್ಲವೇ? ಚಂದಾ ಕೊಟ್ಟವರಲ್ಲಿ ಎಷ್ಟೋ ಜನ ನೊಬೆಲ್ ಸುದ್ದಿ ಕೇಳಲು ಬದುಕಿರಲಿಲ್ಲ.

ಈಗ ನಿಮ್ಮ ಪ್ರಶ್ನೆ. ಮಿತಿಯಿಲ್ಲದ ದುಡ್ಡು ನನ್ನ ಕೈಯಲ್ಲಿದ್ದರೆ ಮೊದಲು ಕೊಡುವುದು ಹಾವಿನ ಕಡಿತಕ್ಕೆ. ಬೆಂಗಳೂರಿನವರಿಗೆ ಇದು ವಿಚಿತ್ರ ಅನ್ನಿಸಬಹುದು, ನಿಮ್ಮ ದೇವನಹಳ್ಳಿ ಜಮೀನಿನಲ್ಲಿ ರಾಗಿ ಕೊಯ್ದವರಿಗೆ ಅನ್ನಿಸುವುದಿಲ್ಲ. 2000ದಿಂದ 2019ರವರೆಗಿನ ಲೆಕ್ಕದಂತೆ ದೇಶದಲ್ಲಿ ವರ್ಷಕ್ಕೆ ಸರಾಸರಿ 58 ಸಾವಿರ ಜನ ಹಾವು ಕಚ್ಚಿ ಸಾಯುತ್ತಾರೆ. ಸಾಯುವವರು ಹೆಚ್ಚಾಗಿ ಹೊಲದಲ್ಲಿ ಬಗ್ಗಿ ದುಡಿಯುವವರು, ನೆಲದ ಮೇಲೆ ಮಲಗುವವರು. ಔಷಧ ಕಂಪನಿಗೆ ಇವರು ಗಿರಾಕಿಗಳಲ್ಲ. ಔಷಧವನ್ನೋ 1890ರ ದಶಕದಲ್ಲಿ ಕಂಡುಹಿಡಿದ ಕ್ರಮದಲ್ಲೇ ಇವತ್ತಿಗೂ ಮಾಡುತ್ತೇವೆ: ಕುದುರೆಗೆ ಸ್ವಲ್ಪ ಸ್ವಲ್ಪವಾಗಿ ವಿಷ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟುವ, ವಿಷವನ್ನು ತಡೆಯುವ ಪ್ರತಿಕಾಯಗಳನ್ನು ತೆಗೆದು ಸೀಸೆಗೆ ತುಂಬುವುದು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕಕ್ಕೂ ಒಂದೇ ಔಷಧ. ಅದಕ್ಕೆ ಬೇಕಾದ ವಿಷ ಬಹುಪಾಲು ಬರುವುದು ಚೆನ್ನೈ ಹತ್ತಿರದ, ಹಾವು ಹಿಡಿಯುವ ಇರುಳ ಸಮುದಾಯದವರ ಸಹಕಾರ ಸಂಘದಿಂದ. ಅಂದರೆ ತಮಿಳುನಾಡಿನ ಹಾವಿನ ವಿಷ. ಒಂದೇ ಜಾತಿಯ ಹಾವಿನ ವಿಷವೂ ಊರಿಂದ ಊರಿಗೆ ಬದಲಾಗುತ್ತದೆ ಎಂದು ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯವರು ತೋರಿಸಿದ್ದಾರೆ. ರಾಜಸ್ಥಾನದಲ್ಲಿ ಕಚ್ಚಿಸಿಕೊಂಡವನಿಗೆ ಅದೇ ಔಷಧ ಅಷ್ಟು ಕೆಲಸ ಮಾಡದಿರಬಹುದು. ನಮ್ಮ ಮಲೆನಾಡಿನ ಕಾಫಿ ತೋಟಗಳ ಗುಳಿಮಂಡಲ ಆ ನಾಲ್ಕರಲ್ಲಿ ಇಲ್ಲವೇ ಇಲ್ಲ, ಅದಕ್ಕೆ ಈ ಸೀಸೆ ನೆಚ್ಚಿಕೊಳ್ಳುವಂಥದ್ದಲ್ಲ.

ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ವೈದ್ಯರು ಏನು ಮಾಡುತ್ತಾರೆ ನೋಡಿ. ಕಚ್ಚಿದ್ದು ಯಾವ ಹಾವೋ ಯಾರಿಗೂ ಗೊತ್ತಿಲ್ಲ, ಕತ್ತಲು. ರೋಗಿಯ ತೋಳಿನಿಂದ 2 ಮಿಲಿಲೀಟರ್ ರಕ್ತ ತೆಗೆದು ಒಣಗಿದ ಗಾಜಿನ ಕೊಳವೆಗೆ ಹಾಕಿ, ಅಲ್ಲಾಡಿಸದೆ 20 ನಿಮಿಷ ನಿಲ್ಲಿಸಿ, ಆಮೇಲೆ ಮೆಲ್ಲಗೆ ಓರೆ ಮಾಡುತ್ತಾರೆ. ರಕ್ತ ಹೆಪ್ಪುಗಟ್ಟದೆ ನೀರಿನಂತೆ ಹರಿದರೆ ಮಂಡಲದ ಜಾತಿಯ ವಿಷ ಮೈಗೇರಿದೆ ಎಂದರ್ಥ, ಹತ್ತು ಸೀಸೆ ಏರಿಸು. ಕೊಳವೆ ಗಾಜಿನದೇ ಆಗಬೇಕು. ಪ್ಲಾಸ್ಟಿಕ್ಕಿನದಾದರೆ, ಸೋಪಿನಲ್ಲಿ ತೊಳೆದದ್ದಾದರೆ, ಫಲಿತಾಂಶ ಸುಳ್ಳು ಹೇಳುತ್ತದೆ. ಈಗ ಆಸ್ಪತ್ರೆಗಳಲ್ಲಿ ಎಲ್ಲವೂ ಪ್ಲಾಸ್ಟಿಕ್. ಗಾಜಿನ ಕೊಳವೆ ಎಲ್ಲಿದೆ ಎಂದು ನರ್ಸಮ್ಮ ಕಪಾಟುಗಳನ್ನೆಲ್ಲ ಎಳೆದು ಹುಡುಕುವುದನ್ನು ನಾನು ನಿಂತು ನೋಡಿದ್ದೇನೆ. ಚಂದ್ರನ ಮೇಲೆ ನೌಕೆ ಇಳಿಸಿದ ದೇಶ ನಮ್ಮದು, ಹಾವು ಯಾವುದೆಂದು ಹೇಳುವ ಒಂದು ಅಗ್ಗದ ಪರೀಕ್ಷಾ ಸ್ಟ್ರಿಪ್ ತಾಲ್ಲೂಕು ಆಸ್ಪತ್ರೆಗೆ ತಲುಪಿಲ್ಲ. ಆಸ್ಟ್ರೇಲಿಯಾದಲ್ಲಿ ಅವರ ಹಾವುಗಳಿಗೆ ಅಂಥ ಕಿಟ್ ದಶಕಗಳ ಹಿಂದೆಯೇ ಬಂದಿತ್ತು.

ದಾರಿ ಕಾಣದೆ ಇಲ್ಲ. 2024ರಲ್ಲಿ ಇದೇ ವಿಜ್ಞಾನ ಸಂಸ್ಥೆ ಮತ್ತು ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯವರು ಕುದುರೆಯ ಹಂಗಿಲ್ಲದೆ ತಯಾರಿಸಿದ ಪ್ರತಿಕಾಯವೊಂದು ನಾಗರ, ಕಟ್ಟುಹಾವುಗಳ ನರವಿಷದ ಒಂದು ಮುಖ್ಯ ಬಗೆಯನ್ನು ಇಲಿಗಳಲ್ಲಿ ತಡೆಯಿತು. ಅದೇ ವರ್ಷ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಸಾಲಿಗೆ ಸೇರಿಸಿತು. ಆದರೆ ಇಲಿಯಿಂದ ಮನುಷ್ಯನವರೆಗಿನ ದಾರಿ ಉದ್ದ, ಆ ದಾರಿಯಲ್ಲಿ ದುಡ್ಡು ಹಾಕುವವರು ವಿರಳ. ಕೊಳಕುಮಂಡಲದ ವಿಷ ಬೇರೆಯೇ ಬಗೆಯದು, ಅದಕ್ಕೆ ಇನ್ನೂ ಬೇರೆ ಪ್ರತಿಕಾಯಗಳು ಬೇಕು.

ಮಂಗನ ಕಾಯಿಲೆಯದೂ ಇದೇ ಜಾತಕ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಕಾಯಿಲೆ, ಜಗತ್ತಿನ ವೈದ್ಯಪುಸ್ತಕಗಳಲ್ಲಿ ನಮ್ಮ ಊರಿನ ಹೆಸರಿನಲ್ಲೇ ಇದೆ. ಹಳೆಯ ಲಸಿಕೆ ಸಾಕಷ್ಟು ರಕ್ಷಣೆ ಕೊಡುತ್ತಿಲ್ಲವೆಂದು ನಿಲ್ಲಿಸಿದರು, ಹೊಸದರ ಕೆಲಸ ನಡೆಯುತ್ತಿದೆ. ಅರವತ್ತು ವರ್ಷಕ್ಕೂ ಮೇಲಾಯಿತು. ಈ ಕಾಯಿಲೆ ಪ್ಯಾರಿಸ್ಸಿನಲ್ಲೋ ನ್ಯೂಯಾರ್ಕಿನಲ್ಲೋ ಇದ್ದಿದ್ದರೆ ಇಷ್ಟು ಕಾಯುತ್ತಿದ್ದರೇ ಎಂದು ಮಲೆನಾಡಿನ ಹಳೆಯ ವೈದ್ಯ ಮಿತ್ರರೊಬ್ಬರು ಕೇಳುತ್ತಿರುತ್ತಾರೆ. ನನ್ನಲ್ಲಿ ಉತ್ತರವಿಲ್ಲ.

ಎರಡನೆಯದಾಗಿ ನಾನು ದುಡ್ಡು ಕೊಡುವುದು ಯಾರಿಗೂ ರೋಮಾಂಚನವಾಗದ ಕೆಲಸಕ್ಕೆ: ಒಂದೇ ವಸ್ತುವನ್ನು ವರ್ಷವರ್ಷವೂ ಅಳೆದು ಬರೆದಿಡುವುದು. ಬಂಡೀಪುರದ ಆಚೆ ಬದಿ ಮುದುಮಲೆಯಲ್ಲಿ 50 ಹೆಕ್ಟೇರ್ ಕಾಡನ್ನು ಗುರುತು ಹಾಕಿ, 1988ರಿಂದ ವಿಜ್ಞಾನ ಸಂಸ್ಥೆಯವರು ಅಳೆಯುತ್ತಿದ್ದಾರೆ. ಒಂದು ಸೆಂಟಿಮೀಟರಿಗಿಂತ ದಪ್ಪವಿರುವ ಪ್ರತಿ ಕಾಂಡಕ್ಕೂ ನಂಬರಿನ ಬಿಲ್ಲೆ. ಎದೆಮಟ್ಟದಲ್ಲಿ ಟೇಪು ಸುತ್ತಿ ಅಳತೆ. ಯಾವುದು ಸತ್ತಿತು, ಯಾವುದು ಬೆಂಕಿಗೆ ಸಿಕ್ಕಿತು, ಯಾವುದನ್ನು ಆನೆ ಮುರಿಯಿತು, ಎಲ್ಲಕ್ಕೂ ಪುಸ್ತಕದಲ್ಲಿ ಜಾಗವಿದೆ. ಒಂದು ವರ್ಷದ ಪುಸ್ತಕ ತೆಗೆದು ನೋಡಿದರೆ ಏನೂ ಇಲ್ಲ. ಮೂವತ್ತೈದು ವರ್ಷದ್ದನ್ನು ಸಾಲಾಗಿ ಇಟ್ಟರೆ ಬರಗಾಲ, ಕಾಳ್ಗಿಚ್ಚು, ಬಿಸಿಯೇರುವ ಹವೆಗೆ ನಮ್ಮ ಎಲೆಯುದುರುವ ಕಾಡು ಹೇಗೆ ಸ್ಪಂದಿಸುತ್ತದೆ ಎಂಬ ಉತ್ತರ ಅಲ್ಲಿದೆ, ಬೇರೆಲ್ಲೂ ಸಿಗದು.

ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಚಾರ್ಲ್ಸ್ ಕೀಲಿಂಗ್ 1958ರಿಂದ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಅಳೆಯತೊಡಗಿದರು. ಆಗ ಹತ್ತು ಲಕ್ಷಕ್ಕೆ ಸುಮಾರು 315 ಭಾಗ, ಈಗ 420 ದಾಟಿದೆ. ಭೂಮಿ ಬಿಸಿಯಾಗುತ್ತಿರುವುದರ ಚರ್ಚೆಗೆಲ್ಲ ಆ ಗೆರೆಯೇ ಬೆನ್ನೆಲುಬು. ಆ ಗೆರೆಯಲ್ಲಿ 1964ರಲ್ಲಿ ಕೆಲವು ತಿಂಗಳು ಒಂದು ಖಾಲಿ ಜಾಗವಿದೆ. ಅಲ್ಲಿ ಗಾಳಿಗೇನೂ ಆಗಿರಲಿಲ್ಲ, ಬಜೆಟ್ ಕಡಿತವಾಗಿತ್ತು. ಮಿತಿಯಿಲ್ಲದ ದುಡ್ಡು ಈಗ ಕೊಟ್ಟರೂ ಆ ತಿಂಗಳುಗಳ ಗಾಳಿಯನ್ನು ವಾಪಸ್ ತರಲಾಗದು. ನಿಮ್ಮ ಪ್ರಶ್ನೆಗೆ ನನ್ನ ಉತ್ತರದ ತಿರುಳು ಆ ಖಾಲಿ ಜಾಗದಲ್ಲೇ ಇದೆ: ಸಂಶೋಧನೆಗೆ ಒಮ್ಮೆಗೇ ಬಂದು ಬೀಳುವ ರಾಶಿಗಿಂತ ತಪ್ಪದೆ ಬರುವ ಸಣ್ಣ ಹಣ ದೊಡ್ಡದು.

ಅಕ್ಕನವರಿಗೆ ಇದೇ ಸಾಲಿನಲ್ಲಿ ಒಂದು ವಿಷಯ ಹೇಳಿ. ಒಂದು ಊರಿನ ಎಲ್ಲ ಕ್ಯಾನ್ಸರ್ ರೋಗಿಗಳನ್ನೂ ಲೆಕ್ಕವಿಡುವ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದ ಮೊದಲ ಮೂರು ನೋಂದಣಿಗಳಲ್ಲಿ ನಮ್ಮ ಬೆಂಗಳೂರಿನದೂ ಒಂದು, ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ 1982ರಿಂದ ನಡೆಯುತ್ತಿದೆ. ಸಿಬ್ಬಂದಿ ಆಸ್ಪತ್ರೆಯಿಂದ ಆಸ್ಪತ್ರೆಗೆ, ಲ್ಯಾಬಿನಿಂದ ಲ್ಯಾಬಿಗೆ ತಿರುಗಿ ಕಡತ ಬಿಡಿಸಿ ಬರೆದುಕೊಂಡು ಬರುವುದು. ಊರಿನಲ್ಲಿ ಯಾವ ಕ್ಯಾನ್ಸರ್ ಏರುತ್ತಿದೆ, ಯಾವುದು ಇಳಿಯುತ್ತಿದೆ ಎಂದು ಹೇಳಬಲ್ಲೆವಾದರೆ ಆ ತಿರುಗಾಟದಿಂದ. ಕೋಲಾರದ ಶ್ರೀನಿವಾಸಪುರದಲ್ಲಿ ಮಾವಿನ ತೋಪುಗಳ ನಡುವಿನ ಹಳ್ಳಿಗಳಲ್ಲಿ 45 ದಾಟಿದ 10 ಸಾವಿರ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ, ಮರೆವಿನ ಕಾಯಿಲೆ ಯಾರಿಗೆ ಏಕೆ ಬರುತ್ತದೆಂದು ನೋಡುವ ಅಧ್ಯಯನವೂ ನಡೆದಿದೆ. ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರದ್ದು. ಅದು ನಡೆಯುತ್ತಿರುವುದು ಬಹುಮಟ್ಟಿಗೆ ಖಾಸಗಿ ದಾನದ ಬಲದಿಂದ, ಗಮನಿಸಿ.

ಮೂರನೆಯದು ಬರೀ ಕುತೂಹಲ. 1965ರಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ವಾತಾವರಣದಲ್ಲಿ ಹುಟ್ಟಿ ಬಂಡೆಯನ್ನೂ ತೂರಿ ಹೋಗುವ ನ್ಯೂಟ್ರಿನೊ ಎಂಬ ಅತಿಸೂಕ್ಷ್ಮ ಕಣಗಳ ಗುರುತನ್ನು ಜಗತ್ತಿನಲ್ಲೇ ಮೊದಲು ಹಿಡಿದವರ ಸಾಲಿನಲ್ಲಿ ನಮ್ಮವರಿದ್ದರು. ಗಣಿ 2001ರಲ್ಲಿ ಮುಚ್ಚಿತು. ಅದರ ಉತ್ತರಾಧಿಕಾರಿಯಾಗಬೇಕಿದ್ದ ಥೇಣಿಯ ನ್ಯೂಟ್ರಿನೊ ವೀಕ್ಷಣಾಲಯಕ್ಕೆ 2015ರಲ್ಲಿ ಸುಮಾರು 1,500 ಕೋಟಿಯ ಮಂಜೂರಾತಿ ಸಿಕ್ಕಿತು, ಆದರೆ ಬೆಟ್ಟ ಕೊರೆಯುವ ಕೆಲಸ ಇನ್ನೂ ಶುರುವಾಗಿಲ್ಲ. ಜನರ ವಿರೋಧ, ಕೋರ್ಟು, ಪರಿಸರ ಅನುಮತಿ. ಅಲ್ಲಿ ಕೊರತೆಯಾದದ್ದು ದುಡ್ಡಲ್ಲ.

ನಿಮ್ಮ ಜಮೀನು ದಾಟಿ ಇನ್ನೂ ಮುಂದೆ ಹೋದರೆ ಚಿಕ್ಕಬಳ್ಳಾಪುರ ಜಿಲ್ಲೆಯ ದಂಡಿಗಾನಹಳ್ಳಿ ಕೆರೆ ಸಿಗುತ್ತದೆ. 2020ರ ಆರಂಭದಲ್ಲಿ ರಾಮನ್ ಸಂಶೋಧನಾ ಸಂಸ್ಥೆಯವರು ಅಲ್ಲಿ, ಆಮೇಲೆ ಶರಾವತಿ ಹಿನ್ನೀರಿನಲ್ಲಿ, ತೆಪ್ಪದ ಮೇಲೆ ಒಂದು ಆಂಟೆನಾ ತೇಲಿಬಿಟ್ಟರು. ಸರಸ್ ಎಂದು ಅದರ ಹೆಸರು. ವಿಶ್ವದಲ್ಲಿ ಮೊಟ್ಟಮೊದಲ ನಕ್ಷತ್ರಗಳು ಹೊತ್ತಿಕೊಂಡ ಕಾಲದ ಕ್ಷೀಣ ರೇಡಿಯೊ ಸಂಕೇತ ಕೇಳುವ ಪ್ರಯತ್ನ. ನೆಲದ ಮೇಲೆ ಇಟ್ಟರೆ ಅಡಿಯ ಮಣ್ಣು, ಕಲ್ಲಿನ ಪದರಗಳು ಸಂಕೇತ ಕೆಡಿಸುತ್ತವೆ, ನೀರು ಎಲ್ಲೆಡೆ ಒಂದೇ ಸಮ, ಅದಕ್ಕೇ ಕೆರೆ. 2018ರಲ್ಲಿ ಆಸ್ಟ್ರೇಲಿಯಾದ ಮರುಭೂಮಿಯಿಂದ ಅಮೆರಿಕದ ತಂಡವೊಂದು ಆ ಸಂಕೇತ ಸಿಕ್ಕಿತೆಂದು ಸಾರಿ ಜಗತ್ತೆಲ್ಲ ಸುದ್ದಿಯಾಗಿತ್ತು. 2022ರಲ್ಲಿ ನಮ್ಮ ಕೆರೆಯ ತೆಪ್ಪ "ಇಲ್ಲ, ಹಾಗೆ ಕಾಣುತ್ತಿಲ್ಲ" ಅಂದಿತು. ಯಾರ ಹೊಟ್ಟೆಯೂ ತುಂಬಲಿಲ್ಲ, ನಿಜ. ಆದರೆ ಅಂಥ ಉಪಕರಣವನ್ನು ಮೇಖ್ರಿ ವೃತ್ತದ ಪಕ್ಕದ ಆವರಣದಲ್ಲಿ ರೂಪಿಸಿ ಕಟ್ಟಬಲ್ಲ ಕೈಗಳು ಊರಿನಲ್ಲಿವೆ ಎಂಬುದು ಸಣ್ಣ ಮಾತಲ್ಲ.

ಆ ಕೈಗಳ ಮಾತಿಗೇ ಬರುತ್ತೇನೆ. ನನ್ನ ಲ್ಯಾಬಿನಲ್ಲಿ ಹನ್ನೊಂದು ವರ್ಷ ಒಬ್ಬ ತಂತ್ರಜ್ಞನಿದ್ದ. ಡಿಪ್ಲೊಮಾ ಓದಿದವನು. ಬೆಳಿಗ್ಗೆ ಬಂದವನೇ ವ್ಯಾಕ್ಯೂಮ್ ಪಂಪಿನ ಮೇಲೆ ಅಂಗೈಯ ಹಿಂಬದಿ ಇಟ್ಟು, ಸದ್ದು ಕೇಳಿ, "ಸಾರ್, ಈ ವಾರ ಆಯಿಲ್ ಬದಲಾಯಿಸೋಣ" ಅನ್ನುತ್ತಿದ್ದ. ಅವನ ಹುದ್ದೆ ಪ್ರಾಜೆಕ್ಟಿನದು, ಮೂರು ವರ್ಷಕ್ಕೊಮ್ಮೆ ನವೀಕರಣ. ಒಂದು ಸಲ ಹೊಸ ಗ್ರಾಂಟ್ ಮಂಜೂರಾಗಿ ಪತ್ರ ಬಂದು ಹತ್ತು ತಿಂಗಳಾದರೂ ದುಡ್ಡು ಬರಲಿಲ್ಲ. ಹಳೆಯ ಗ್ರಾಂಟಿನ ಯುಸಿಯಲ್ಲಿ, ಅಂದರೆ ಹಣ ಬಳಸಿದ ಪ್ರಮಾಣಪತ್ರದಲ್ಲಿ, ಏನೋ ಒಂದು ಅಂಕಿ ತಾಳೆಯಾಗುತ್ತಿಲ್ಲ ಎಂದು ಕಡತ ಮೇಜಿನಿಂದ ಮೇಜಿಗೆ ಅಲೆಯುತ್ತಿತ್ತು. ಮೂರು ತಿಂಗಳು ನಾವು ಕೆಲವರು ಕೈಯಿಂದ ಹಾಕಿ ಸಂಬಳ ಕೊಟ್ಟೆವು. ಅವನಿಗೂ ಮಕ್ಕಳ ಶಾಲೆ ಫೀಸಿತ್ತು, ಜಿಗಣಿಯ ಒಂದು ಕಂಪನಿ ಸೇರಿಕೊಂಡ. ಆಮೇಲೆ ಒಂದು ಶನಿವಾರ ರಾತ್ರಿ ಪಂಪು ಸುಟ್ಟುಹೋಯಿತು, ಅದರ ಎಣ್ಣೆಯನ್ನು ಉಪಕರಣ ಒಳಕ್ಕೆ ಸೆಳೆದುಕೊಂಡಿತು. ಏಳು ತಿಂಗಳ ಕೆಲಸ ನಿಂತಿತು. ಮಾರ್ಚ್ ಕೊನೆಯ ವಾರ ದುಡ್ಡು ಬಂತು, 31ರೊಳಗೆ ಖರ್ಚು ಮಾಡಿ ಎಂಬ ಸೂಚನೆಯೊಂದಿಗೆ. ಹೊಸ ಪಂಪು ಕೊಂಡೆವು. ಅಂಗೈಯಿಟ್ಟು ನೋಡುವವನನ್ನು ಎಲ್ಲಿ ಕೊಳ್ಳುವುದು?

ದೇಶ ಸಂಶೋಧನೆಗೆ ಕೊಡುವುದು ಒಟ್ಟು ಉತ್ಪನ್ನದ ಶೇಕಡ 0.64ರ ಆಸುಪಾಸು, ದಕ್ಷಿಣ ಕೊರಿಯಾ ಶೇಕಡ 4ಕ್ಕೂ ಮೇಲೆ. ಅದು ಹೆಚ್ಚಬೇಕು, ಅನುಮಾನವಿಲ್ಲ. ಆದರೆ ಈಗಿರುವ ಕೊಳವೆಯಲ್ಲೇ ಇನ್ನಷ್ಟು ನೀರು ಬಿಟ್ಟರೆ ಸೋರುವ ಜಾಗದಲ್ಲಿ ಇನ್ನಷ್ಟು ಸೋರುತ್ತದೆ. ಸರ್ಕಾರದ ಗ್ರಾಂಟಿನಲ್ಲಿ ಯಂತ್ರ ಕೊಳ್ಳುವುದು ಸುಲಭ, ಯಂತ್ರ ನೋಡಿಕೊಳ್ಳುವವನಿಗೆ ಹತ್ತು ವರ್ಷದ ಸಂಬಳ ಸಿಗುವುದು ಕಷ್ಟ. ಖಾಸಗಿ ದಾನಕ್ಕೆ ನಿಜವಾದ ಕೆಲಸವಿರುವುದು ಈ ಸಂದಿಯಲ್ಲಿ.

ಹಾಗಾದರೆ 2 ಕೋಟಿಯಿಂದ ಏನು ಸಾಧ್ಯ? ಒಂದು, ಮೂಲಧನ ಮುಟ್ಟದೆ ಸಂಸ್ಥೆಯಲ್ಲಿ ದತ್ತಿ ಇಡುವುದು. ಶೇಕಡ 7 ಬಡ್ಡಿ ಹಿಡಿದರೆ ವರ್ಷಕ್ಕೆ 14 ಲಕ್ಷ. ಅಷ್ಟನ್ನೂ ಖರ್ಚು ಮಾಡಿದರೆ ಹಣದುಬ್ಬರ ಮೂಲವನ್ನು ಮೆಲ್ಲಗೆ ತಿನ್ನುತ್ತದೆ, ನೀವು ಬ್ಯಾಂಕಿನವರು, ನಾನು ಹೇಳಬೇಕಿಲ್ಲ. 8 ಲಕ್ಷ ಮಾತ್ರ ಖರ್ಚು ಮಾಡಿ ಉಳಿದದ್ದನ್ನು ಮೂಲಕ್ಕೆ ಸೇರಿಸಿದರೆ ಒಬ್ಬ ಒಳ್ಳೆಯ ತಂತ್ರಜ್ಞನ ಅಥವಾ ಕ್ಷೇತ್ರ ಸಹಾಯಕನ ಹುದ್ದೆ ನಿಮ್ಮ ಮೊಮ್ಮಕ್ಕಳ ಕಾಲದವರೆಗೆ ನಡೆಯುತ್ತದೆ. ಅಪಾಯವೆಂದರೆ ನಿರ್ದೇಶಕರು ಬದಲಾಗುತ್ತಾರೆ, ಇಪ್ಪತ್ತು ವರ್ಷದ ನಂತರ ನಿಮ್ಮ ಷರತ್ತನ್ನು ಓದುವವರಿರುವುದಿಲ್ಲ. ಷರತ್ತು ತೀರಾ ಬಿಗಿಯಾದರೂ ಕಷ್ಟ. ಯಾವುದೋ ಒಂದು ಉಪಕರಣದ ಹೆಸರು ಬರೆದುಬಿಟ್ಟರೆ, ಆ ಉಪಕರಣ ಗುಜರಿಗೆ ಹೋದ ದಿನ ಹಣ ಖಾತೆಯಲ್ಲೇ ಕೊಳೆಯುತ್ತದೆ. "ಉಪಕರಣ ಕಟ್ಟುವ, ಕಾಯುವ ಕೈಗಳಿಗೆ" ಎಂದಷ್ಟೇ ಬರೆಸಿ.

ಇನ್ನೊಂದು ದಾರಿ, ಎಲ್ಲವನ್ನೂ ಹತ್ತು-ಹನ್ನೆರಡು ವರ್ಷದಲ್ಲಿ ಖರ್ಚು ಮಾಡಿ ಮುಗಿಸುವುದು. ಹಾವಿನ ಕಡಿತದಂಥ ಒಂದು ವಿಷಯಕ್ಕೆ ಇದು ಚೆನ್ನ. ಜೆಆರ್‌ಎಫ್, ಅಂದರೆ ಕಿರಿಯ ಸಂಶೋಧನಾ ವೇತನದ ವಿದ್ಯಾರ್ಥಿಗೆ ಈಗ ತಿಂಗಳಿಗೆ 37 ಸಾವಿರ, ಮನೆಬಾಡಿಗೆ ಭತ್ಯೆ ಬೇರೆ, ವರ್ಷಕ್ಕೆ ನಾಲ್ಕೂವರೆ ಲಕ್ಷದ ಮೇಲೆ. ಮೂವರನ್ನು ಪಿಎಚ್‌ಡಿ ಮುಗಿಸುವವರೆಗೆ ಸಾಕಬಹುದು. ಅಪಾಯ, ಹತ್ತು ವರ್ಷದ ಕೊನೆಗೆ ಕೈಯಲ್ಲಿ ಔಷಧವಿರುವುದಿಲ್ಲ, ಮೂರು ಪ್ರಬಂಧಗಳಿರುತ್ತವೆ. ಅದನ್ನು ಭಾವನವರು ಒಪ್ಪುತ್ತಾರೆಯೇ ಎಂದು ಮೊದಲೇ ಮನೆಯಲ್ಲಿ ಮಾತಾಡಿಕೊಳ್ಳಿ. ಸಂಶೋಧನೆಯೆಂದರೆ ಬಹಳ ಸಲ "ಈ ದಾರಿ ಸರಿಯಿಲ್ಲ" ಎಂದು ತಿಳಿಯುವುದು, ಅದಕ್ಕೂ ದುಡ್ಡು ಬೇಕು. ಇನ್ನು ಬ್ರಿಜ್ ಹಣ ಎಂದು ನಾವು ಕರೆಯುವುದೊಂದಿದೆ: ಗ್ರಾಂಟ್ ತಡವಾದಾಗ ಸಂಬಳಕ್ಕೆ ಸಾಲವಾಗಿ ಕೊಟ್ಟು, ಗ್ರಾಂಟ್ ಬಂದಾಗ ನಿಯಮ ಬಿಟ್ಟಷ್ಟನ್ನು ವಾಪಸ್ ಪಡೆಯುವುದು. 50 ಲಕ್ಷದ ಇಂಥ ನಿಧಿಯೊಂದು ಇದ್ದಿದ್ದರೆ ನನ್ನ ತಂತ್ರಜ್ಞ ಜಿಗಣಿಗೆ ಹೋಗುತ್ತಿರಲಿಲ್ಲ. ಕೆಲವು ಸಲ ವಾಪಸ್ ಬರುವುದಿಲ್ಲ, ನಿಧಿ ಸವೆಯುತ್ತದೆ, ಅದನ್ನು ಮೊದಲೇ ಒಪ್ಪಿಕೊಂಡಿರಬೇಕು.

ದುಬಾರಿ ಉಪಕರಣ ಕೊಡಿಸಿ ಫಲಕ ಹಾಕಿಸುವುದು ನನಗೆ ಇಷ್ಟವಿಲ್ಲ. ನಿರ್ವಹಣೆಗೆ ವರ್ಷಾವರ್ಷ ಬೆಲೆಯ ಶೇಕಡ 5ರಿಂದ 10 ಬೇಕು, ಅದನ್ನು ಯಾರೂ ಕೊಡುವುದಿಲ್ಲ, ಮುಸುಕು ಹೊದ್ದು ಮಲಗಿದ ಯಂತ್ರಗಳು ಪ್ರತಿ ಸಂಸ್ಥೆಯಲ್ಲೂ ಇವೆ. ಸಭಾಂಗಣದ ಬಗ್ಗೆ ನೀವೇ ತೀರ್ಮಾನಿಸಿದ್ದೀರಿ. ತೆರಿಗೆ ರಿಯಾಯಿತಿ ನಿಮ್ಮ ಆಡಿಟರಿಗೆ ಬಿಟ್ಟದ್ದು.

ಯಾವ ಸಂಸ್ಥೆಗೆ ಕೊಟ್ಟರೂ ಸಹಿ ಹಾಕುವ ಮೊದಲು ಕೇಳಿ: ಓವರ್‌ಹೆಡ್ ಎಂದು, ಅಂದರೆ ಸಂಸ್ಥೆಯ ಆಡಳಿತದ ಖರ್ಚಿಗೆಂದು, ಎಷ್ಟು ಹಿಡಿದುಕೊಳ್ಳುತ್ತೀರಿ? ಹಿಂದಿನ ದತ್ತಿಗಳ ಲೆಕ್ಕ ತೋರಿಸುತ್ತೀರಾ? ಈ ಹುದ್ದೆಯವನನ್ನು ಬೇರೆ ಕೆಲಸಕ್ಕೆ ಎಳೆಯುವುದಿಲ್ಲವೆಂದು ಬರೆದುಕೊಡುತ್ತೀರಾ? ಉತ್ತರ ಕೊಡಲು ಮುಜುಗರಪಟ್ಟರೆ ಕಾಫಿ ಕುಡಿದು ಎದ್ದು ಬನ್ನಿ.

ಮತ್ತೆ, ನೋಡಲು ಹೋದಾಗ ನಿರ್ದೇಶಕರ ಕೋಣೆಗೆ ಮೊದಲು ಹೋಗಬೇಡಿ. ವರ್ಕ್‌ಶಾಪ್ ಎಲ್ಲಿದೆ ಎಂದು ಸೆಕ್ಯುರಿಟಿಯವರನ್ನು ಕೇಳಿ. ಸಾಮಾನ್ಯವಾಗಿ ಹಿಂಬದಿಯಲ್ಲಿ, ಶೀಟಿನ ಮಾಡಿನ ಕೆಳಗಿರುತ್ತದೆ. ಲೇತಿನ ಮೇಲೆ ಧೂಳಿದೆಯೋ, ಹೊಸ ಎಣ್ಣೆ ಇದೆಯೋ ನೋಡಿ. ಅಡಿಯಲ್ಲಿ ಕಬ್ಬಿಣದ ಸುರುಳಿ ಬಿದ್ದಿದೆಯೇ ನೋಡಿ. ಲೇತು ಎಚ್‌ಎಂಟಿಯದೇ ಆಗಿದ್ದರೂ ಆಶ್ಚರ್ಯಪಡಬೇಡಿ, ಈ ಊರಿನಲ್ಲಿ ಎಷ್ಟೋ ಕಡೆ ಇನ್ನೂ ಅವೇ ತಿರುಗುತ್ತಿವೆ. ಅಲ್ಲಿ ಕೆಲಸ ಮಾಡುತ್ತಿರುವವರ ವಯಸ್ಸು ಕೇಳಿ, ಅವರು ನಿವೃತ್ತರಾದ ಮೇಲೆ ಆ ಜಾಗಕ್ಕೆ ಯಾರು ಬರುತ್ತಾರೆ ಎಂದೂ ಕೇಳಿ.